ಉದ್ದಣ್ಣನ ಅಳತೆಯ ಮನೆ

ಮೂರಂತಸ್ತಿನ ಕಟ್ಟಡವೊಂದರ ಮೆಟ್ಟಿಲಿನ ಕೆಳಗೆ ಓರೆಯಾಗಿ ಉಳಿದಿದ್ದ ಜಾಗವೇ ಇಂಚಕ್ಕನ ಅಂಗಡಿ. ಒಂದು ಹೊಲಿಗೆ ಯಂತ್ರ, ಒಂದು ಸ್ಟೂಲು, ಒಂದು ಬಲ್ಬು ಇಟ್ಟ ಮೇಲೆ ಅಲ್ಲಿ ಅವಳೊಬ್ಬಳಿಗೆ ಮಾತ್ರ ಜಾಗ. ಗಿರಾಕಿ ಹೊರಗೇ ನಿಲ್ಲಬೇಕು. ಇಪ್ಪತ್ತಾರು ವರ್ಷ ಅವಳು ಅಲ್ಲಿ ಕೂತು ಹೊಲಿದಳು. ತಲೆಯ ಮೇಲೆ ಹತ್ತಿ ಇಳಿಯುವ ಹೆಜ್ಜೆಗಳನ್ನು ಕೇಳಿಯೇ ಎರಡನೇ ಮಹಡಿಯವರಿಗೆ ಮಂಡಿನೋವು ಹೆಚ್ಚಾಗಿದೆ, ಮೂರನೇ ಮಹಡಿಯವರು ಇವತ್ತು ಗಂಡನ ಜೊತೆ ಮಾತು ಬಿಟ್ಟಿದ್ದಾರೆ ಎಂದು ಹೇಳಬಲ್ಲವಳಾಗಿದ್ದಳು.

ಇಂಚಕ್ಕ ಎನ್ನುವ ಹೆಸರು ಗಿರಾಕಿಗಳು ಇಟ್ಟದ್ದು. ಯಾವ ಬಟ್ಟೆ ಕೊಟ್ಟರೂ ಅವಳು ಒಳಗಡೆ ಒಂದಿಂಚು ಹೆಚ್ಚಿಗೆ ಮಡಚಿ ಬಿಡುತ್ತಿದ್ದಳು. "ಇರಲಿ ಒಂದಿಂಚು, ನಾಳೆ ಬೇಕಾಗುತ್ತೆ" ಎನ್ನುವುದು ಅವಳ ಮಾತು. ಬೆಳೆಯುವ ಮಕ್ಕಳ ಚಡ್ಡಿಗಳಿಗೂ ಬೆಳೆಯುವ ಅಧಿಕಾರಿಗಳ ಹೊಟ್ಟೆಗಳಿಗೂ ಆ ಒಂದಿಂಚು ಎಷ್ಟೋ ಸಲ ಮರ್ಯಾದೆ ಉಳಿಸಿಕೊಟ್ಟಿತ್ತು.

ಅವಳಿಗಿದ್ದ ಕೊರತೆ ಬೆಳಕಿನದು. ಹಗಲಿಡೀ ಬಲ್ಬು ಉರಿಸಿದರೂ ಕಪ್ಪು ದಾರ ಯಾವುದು, ಕಡುನೀಲಿ ದಾರ ಯಾವುದು ಎಂದು ಗೊತ್ತಾಗುತ್ತಿರಲಿಲ್ಲ. ಒಮ್ಮೆ ಹೆಡ್‌ಮಾಸ್ತರರ ಕಪ್ಪು ಕೋಟಿನ ಭುಜ ಬಿಚ್ಚಿ ಹೊಲಿದು ಕೊಟ್ಟಳು. ಅವರು ಅದನ್ನು ಹಾಕಿಕೊಂಡು ಬಿಸಿಲಿನಲ್ಲಿ ನಿಂತು ಭಾಷಣ ಮಾಡಿದರು. ಮರುದಿನ ಬಂದು, "ಏನಿಲ್ಲಮ್ಮ, ಮಕ್ಕಳು ನನ್ನ ಹೆಗಲ ಮೇಲೆ ನದಿ ಹರೀತಿದೆ ಅಂದ್ರು" ಎಂದು ಮೆಲ್ಲಗೆ ಹೇಳಿ ಹೋದರು. ಅವರು ಬೈದಿದ್ದರೆ ಅವಳು ಮರೆತುಬಿಡುತ್ತಿದ್ದಳೇನೋ.

ಹೀಗಿರುವಾಗ ರಸ್ತೆಯ ತಿರುವಿನಲ್ಲಿದ್ದ ಕನ್ನಡಕದಂಗಡಿ ಮಾರಾಟಕ್ಕೆ ಬಂತು. ಅಂಗಡಿಯೇನೂ ದೊಡ್ಡದಲ್ಲ. ಆದರೆ ಅದಕ್ಕೆ ರಸ್ತೆಯ ಕಡೆ ಗೋಡೆಯಷ್ಟಗಲದ ಕಿಟಕಿ ಇತ್ತು. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೂ ಬಿಸಿಲು ಒಳಗೆ ಬಂದು ಕೂರುತ್ತಿತ್ತು. ಇಂಚಕ್ಕ ಆ ಕಿಟಕಿಯ ಮುಂದೆ ನಿಂತು, ತನ್ನ ಯಂತ್ರ ಎಲ್ಲಿ ಬರಬೇಕು, ಸೂಜಿಯ ಮೇಲೆ ಬೆಳಕು ಯಾವ ಮಗ್ಗುಲಿಂದ ಬೀಳುತ್ತದೆ ಎಂದು ನೋಡಿಕೊಂಡು ಬಂದಳು. ಆಮೇಲೆ ಬೆಲೆ ಕೇಳಿದಳು. ಅವಳ ಉಳಿತಾಯ, ಗಂಡನಿಗೆ ನಿವೃತ್ತಿಯಲ್ಲಿ ಬಂದದ್ದು, ಎರಡನ್ನೂ ಸೇರಿಸಿದರೆ ಮುಕ್ಕಾಲು ಪಾಲು ಆಗುತ್ತಿತ್ತು.

ಕನ್ನಡಕದಂಗಡಿಯ ಅಜ್ಜ ಒಳ್ಳೆಯವರು. "ಆರು ತಿಂಗಳು ಕಾಯ್ತೀನಿ ಮಗಳೇ. ಆಮೇಲೆ ಮೊಬೈಲ್ ರಿಪೇರಿಯವನಿಗೆ ಕೊಟ್ಟುಬಿಡ್ತೀನಿ. ಅವನು ದಿನಾ ಬಂದು ನಿಂತ್ಕೋತಾನೆ" ಎಂದರು.

"ಅವನಿಗೆ ಕಿಟಕಿ ಯಾಕಜ್ಜ? ಅವನು ಕತ್ತು ಬಗ್ಗಿಸಿ ಕೂತರೆ ಮೇಲೆ ನೋಡೋದೇ ಇಲ್ಲ."

"ಕಿಟಕಿ ತುಂಬ ಪೋಸ್ಟರ್ ಅಂಟಿಸ್ತಾನಂತೆ."

ಇಂಚಕ್ಕನಿಗೆ ಆ ದಿನ ಊಟ ಸೇರಲಿಲ್ಲ.

ಅವಳ ಗಂಡ ಬಸ್ ಡ್ರೈವರ್ ಆಗಿದ್ದವನು. ಆರಡಿ ಮೂರಿಂಚು ಎತ್ತರ. ಹಾಗಾಗಿ ಎಲ್ಲರ ಬಾಯಲ್ಲೂ ಉದ್ದಣ್ಣ. ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನಕ್ಕೆ ಮನೆ ಸೇರುತ್ತಿದ್ದ ಕಾರಣ ಮೊದಲಿನಿಂದಲೂ ಅಡುಗೆ ಅವನದೇ. ಬಾಡಿಗೆ ಮನೆಯ ಅಡುಗೆ ಕಟ್ಟೆ ಅವನ ತೊಡೆಗೆ ಬರುತ್ತಿತ್ತು. ವರ್ಷಗಟ್ಟಲೆ ಅದರ ಮೇಲೆ ಬಗ್ಗಿ ಬಗ್ಗಿ ಅವನ ಬೆನ್ನು ಕೊಡೆಯ ಹಿಡಿಯ ಆಕಾರಕ್ಕೆ ತಿರುಗಿತ್ತು. ಅಡುಗೆ ಮುಗಿಸಿ ಅವನು ನೆಟ್ಟಗಾಗುವಾಗ ಒಂದು ಸದ್ದು ಬರುತ್ತಿತ್ತು. ಆ ಸದ್ದು ಕೇಳಿದರೆ ಇಂಚಕ್ಕ ತಟ್ಟೆ ಹಾಕುತ್ತಿದ್ದಳು.

ಮನೆ ಕೊಂಡು ರಿಪೇರಿ ಮಾಡಿ ಮಾರುವ ಯೋಚನೆಯನ್ನು ಅವಳ ತಲೆಗೆ ಹಾಕಿದವನು ಮನೆಗಳ ದಲ್ಲಾಳಿ. ಪ್ಯಾಂಟಿನ ಸೊಂಟ ಸಡಿಲಿಸಿಕೊಳ್ಳಲು ಬಂದಿದ್ದ.

"ಅಕ್ಕಾ, ಹಿಂದಿನ ಬೀದೀಲಿ ಒಂದು ಹಳೇ ಮನೆ ಇದೆ. ಕೊಳಕಾಗಿದೆ ಅಂತ ಯಾರೂ ಹತ್ರ ಹೋಗ್ತಿಲ್ಲ. ಕಡಿಮೆಗೆ ಸಿಗುತ್ತೆ. ತಗೊಂಡು ಬಾಗಿಲು ಬದಲಾಯಿಸಿ, ಅಡುಗೆಮನೆ ಹೊಸದು ಮಾಡಿ, ಬಣ್ಣ ಬಳಿದು ಮಾರಿದ್ರೆ ನಿಮ್ಮ ಕಿಟಕಿ ನಿಮಗೆ."

"ಅಂದ್ರೆ ಆಲ್ಟರೇಷನ್ನು."

"ಹೂಂ, ಹಾಗೇ ಅಂದ್ಕೊಳ್ಳಿ."

"ಇದನ್ನ ಮೊದಲೇ ಹೇಳೋದಲ್ವಾ?" ಎಂದಳು ಇಂಚಕ್ಕ. ಇಪ್ಪತ್ತಾರು ವರ್ಷ ತಾನು ಮಾಡಿದ್ದೇ ಅದು.

ಮರುದಿನ ಮನೆ ನೋಡಲು ಹೋದಳು. ದಲ್ಲಾಳಿ ಮುಂಬಾಗಿಲು ತೆರೆದು ಹಾಲ್ ತೋರಿಸಲು ಹೊರಟರೆ ಅವಳು ಅದನ್ನು ಬಿಟ್ಟು ಸಿಂಕಿನ ಕೆಳಗೆ ತಲೆ ತೂರಿಸಿದಳು. ಬಟ್ಟೆಯ ಗುಣ ತಿಳಿಯಬೇಕಾದರೆ ಒಳಮಗ್ಗುಲು ತಿರುವಿ ನೋಡಬೇಕು ಎನ್ನುವುದು ಅವಳ ಪದ್ಧತಿ. ಅಟ್ಟ ಹತ್ತಿದಳು, ನೀರಿನ ತೊಟ್ಟಿಯೊಳಗೆ ಟಾರ್ಚ್ ಬಿಟ್ಟಳು, ಗೋಡೆಗಳನ್ನು ಬೆರಳಿನ ಗೆಣ್ಣಿನಿಂದ ಕುಟ್ಟುತ್ತ ಹೋದಳು. ತಲೆಕೂದಲಲ್ಲಿ ಜೇಡರ ಬಲೆ ಸಿಕ್ಕಿಸಿಕೊಂಡು ಹೊರಬಂದು, "ನೇಯ್ಗೆ ಗಟ್ಟಿಯಾಗಿದೆ. ಹೊಲಿಗೆ ಮಾತ್ರ ಬಿಚ್ಚಿದೆ" ಎಂದಳು. ಉದ್ದಣ್ಣ ಬಾಗಿಲ ಪಟ್ಟಿಗೆ ಹಣೆ ಹೊಡೆಸಿಕೊಂಡು ಅದನ್ನೇ ಉಜ್ಜುತ್ತ ನಿಂತಿದ್ದ. "ನಿನಗೆ ಸರಿ ಕಂಡ್ರೆ ನನಗೂ ಸರಿ" ಎಂದ. ರಿಪೇರಿಗಷ್ಟು ಉಳಿಸಿಕೊಂಡು, ಮಿಕ್ಕದ್ದನ್ನೆಲ್ಲ ಹಾಕಿ ಮನೆ ಕೊಂಡರು.

ಮೊದಲ ಎಡವಟ್ಟು ಬಾಗಿಲುಗಳದು. ಐದು ಬಾಗಿಲುಗಳ ಅಳತೆಯನ್ನು ಅವಳೇ ತೆಗೆದು, ಅವಳೇ ಬರೆದು, ಬಡಗಿಗೆ ಕೊಟ್ಟಳು. ಹದಿನೈದು ದಿನಕ್ಕೆ ಬಾಗಿಲುಗಳು ಬಂದವು. ಐದರಲ್ಲಿ ಒಂದೂ ಚೌಕಟ್ಟಿನೊಳಗೆ ಹೋಗಲಿಲ್ಲ. ಬಡಗಿ ಚೀಟಿಯನ್ನೂ ಚೌಕಟ್ಟನ್ನೂ ನೋಡಿದ.

"ಅಮ್ಮಾ, ಎಲ್ಲದಕ್ಕೂ ಒಂದೊಂದಿಂಚು ಜಾಸ್ತಿ ಬರೆದಿದ್ದೀರಿ."

"ಒಳಗೆ ಮಡಚೋದಕ್ಕೆ" ಎಂದಳು ಇಂಚಕ್ಕ. ಹೇಳುತ್ತಿದ್ದಂತೆ ಅವಳಿಗೇ ಅರ್ಥವಾಯಿತು.

ಬಡಗಿ ಗರಗಸ ಕೈಗೆತ್ತಿಕೊಂಡ. "ಮರಾನ ಮಡಚೋದನ್ನ ನಮ್ಮಪ್ಪ ನನಗೆ ಕಲಿಸಿಲ್ಲಮ್ಮ" ಎಂದು ಕೊರೆಯುವುದಕ್ಕೆ ಕೂತ. ಎರಡು ದಿನ ಮನೆ ತುಂಬ ಮರದ ಹೊಟ್ಟು ಹಾರಿತು. ಅದರ ಪರಿಮಳ ಚೆನ್ನಾಗಿತ್ತು ಎಂದು ಉದ್ದಣ್ಣ ಸಮಾಧಾನ ಹೇಳಿದ.

ಎರಡನೆಯದು ಎಡವಟ್ಟು ಎಂದು ಆಗ ಯಾರಿಗೂ ಅನ್ನಿಸಲಿಲ್ಲ. ಅಡುಗೆಮನೆಯ ಹಳೆಯ ಕಟ್ಟೆ ಒಡೆದು ಹೊಸದು ಕಟ್ಟುವ ದಿನ ಮೇಸ್ತ್ರಿ ಕೇಳಿದ.

"ಅಮ್ಮಾ, ಕಟ್ಟೆ ಮೂವತ್ತೆರಡು ಇಂಚು ತಾನೇ?"

"ಯಾರ ಅಳತೆ ಅದು?"

"ಯಾರದ್ದೂ ಅಲ್ಲ. ಎಲ್ಲರಿಗೂ ಅಷ್ಟೇ ಇಡೋದು."

ಇಂಚಕ್ಕನಿಗೆ ಜಗತ್ತಿನಲ್ಲಿ ಸಿಟ್ಟು ಬರುತ್ತಿದ್ದದ್ದು ರೆಡಿಮೇಡ್ ಬಟ್ಟೆಯ ಮೇಲೆ ಮಾತ್ರ. ಎಲ್ಲರ ಅಳತೆ ಎಂದು ಹೊಲಿದ ಅಂಗಿ ಯಾರ ಮೈಮೇಲೂ ಸರಿಯಾಗಿ ಕೂರುವುದಿಲ್ಲ. ಅದನ್ನು ಬಿಚ್ಚಿ ಸರಿ ಮಾಡಿಯೇ ಅವಳ ಹೊಟ್ಟೆ ತುಂಬುತ್ತಿತ್ತು. ಎದುರಿಗೆ ಒಂದು ಮೈ ಇಲ್ಲದೆ ಅವಳು ಕತ್ತರಿ ಹಿಡಿದವಳೇ ಅಲ್ಲ. ಆಚೀಚೆ ನೋಡಿದಳು. ಹತ್ತಿರದಲ್ಲಿದ್ದ ಮೈ ಎಂದರೆ ಉದ್ದಣ್ಣನದು. ಹಿತ್ತಲಿನ ಬಾಗಿಲಲ್ಲಿ ನಿಂತು ಬಕೆಟ್ ತೊಳೆಯುತ್ತಿದ್ದ.

"ರೀ, ಇಲ್ಲಿ ಬನ್ನಿ. ನೆಟ್ಟಗೆ ನಿಂತ್ಕೊಳ್ಳಿ. ಈರುಳ್ಳಿ ಹೆಚ್ಚೋ ಹಾಗೆ ಕೈ ಹಿಡೀರಿ."

ಅವನು ಕೈ ಹಿಡಿದ. ಅವಳು ಕೊರಳಲ್ಲಿದ್ದ ಟೇಪು ತೆಗೆದು ಅವನ ಕೈಯಿಂದ ನೆಲದವರೆಗೆ ಇಳಿಬಿಟ್ಟಳು. "ನಲವತ್ತು. ನಲವತ್ತೊಂದು ಬರ್ಕೋ ಮೇಸ್ತ್ರಿ. ಇರಲಿ ಒಂದಿಂಚು."

ಮೇಸ್ತ್ರಿ ಅರವತ್ತೊಂದರ ಉದ್ದಣ್ಣನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಯಜಮಾನ್ರು ಇನ್ನೂ ಬೆಳೀತಾರಾ?"

"ನಿನ್ನ ಕೆಲಸ ನೀನು ನೋಡು."

ಕಟ್ಟೆ ಎದ್ದಿತು. ಅದಕ್ಕೆ ಒಪ್ಪುವಂತೆ ಗೂಡುಗಳು ಮೇಲೆ ಹೋದವು, ಕೈ ತೊಳೆಯುವಲ್ಲಿಯ ಕನ್ನಡಿ ಮೇಲೆ ಹೋಯಿತು, ಬಟ್ಟೆ ತೂಗುಹಾಕುವ ಗೂಟಗಳೂ ಹೋದವು. ಎಲ್ಲವೂ ಒಂದಕ್ಕೊಂದು ಹೊಂದಿಕೊಂಡು ಎಷ್ಟು ಅಂದವಾಗಿದ್ದವೆಂದರೆ ಇಂಚಕ್ಕನಿಗೆ ಮಡಚಿಟ್ಟ ಹೊಸ ಕೋಟು ನೋಡಿದ ಹಾಗಾಯಿತು.

ಖಾಲಿ ಮನೆಯಲ್ಲಿ ಸುಣ್ಣದ ವಾಸನೆ ಇದ್ದರೆ ಬಂದವರು ಮೂಗು ಮುಚ್ಚಿಕೊಂಡು ಹೋಗುತ್ತಾರೆ, ಹಗಲು ಹೊತ್ತು ಯಾರಾದರೂ ಒಲೆ ಹಚ್ಚಿ ಏನಾದರೂ ಬೇಯಿಸುತ್ತಿರಲಿ ಎಂದು ದಲ್ಲಾಳಿ ಹೇಳಿದ. ಉದ್ದಣ್ಣ ಬಾಡಿಗೆ ಮನೆಯಿಂದ ಸ್ಟೌ, ಪಾತ್ರೆ, ಚಾಕು ತಂದ. ಮೊದಲ ದಿನ ಅವನು ಕಟ್ಟೆಯ ಮುಂದೆ ನಿಂತು ಈರುಳ್ಳಿ ಹೆಚ್ಚತೊಡಗಿದಾಗ ಇಂಚಕ್ಕ ಹಾಲ್‌ನಲ್ಲಿ ಕಿಟಕಿಯ ಗಾಜು ಒರೆಸುತ್ತಿದ್ದಳು. ಅಡುಗೆ ಮುಗಿಯುವ ಹೊತ್ತಾದರೂ ಆ ಸದ್ದು ಬರಲಿಲ್ಲ. ಎದ್ದು ಹೋಗಿ ನೋಡಿದಳು. ಅವನು ನೆಟ್ಟಗೆ ನಿಂತಿದ್ದ. ಮೂವತ್ತು ವರ್ಷದಲ್ಲಿ ಅಡುಗೆ ಮಾಡುವಾಗ ಅವನ ಮುಖ ಹೇಗಿರುತ್ತದೆ ಎಂದು ಅವಳು ನೋಡಿರಲಿಲ್ಲ. ಯಾವಾಗಲೂ ಕಂಡದ್ದು ನೆತ್ತಿ. ಅವನು ಹಿತ್ತಲಿನ ಕಿಟಕಿಯಾಚೆ ನೋಡುತ್ತ, ಸಣ್ಣಗೆ ಶಿಳ್ಳೆ ಹಾಕುತ್ತ, ಸೌಟು ಆಡಿಸುತ್ತಿದ್ದ.

ಅವಳು ಹಿಂದಕ್ಕೆ ಬಂದು ಒರೆಸಿದ ಗಾಜನ್ನೇ ಇನ್ನೊಮ್ಮೆ ಒರೆಸಿದಳು.

ಕೊಳ್ಳುವವರು ಬರತೊಡಗಿದರು. ಹಾಲ್ ಚೆನ್ನಾಗಿದೆ, ಬಾಗಿಲು ಗಟ್ಟಿಯಾಗಿವೆ ಎನ್ನುತ್ತ ಬಂದವರು ಅಡುಗೆಮನೆಯಲ್ಲಿ ನಿಂತುಬಿಡುತ್ತಿದ್ದರು. ಒಬ್ಬಾಕೆ ಕಟ್ಟೆಯ ಮೇಲೆ ಗಲ್ಲ ಊರಿ, "ಇದೇನು, ಬ್ಯಾಂಕಿನ ಕೌಂಟರಾ?" ಎಂದಳು. ಇನ್ನೊಬ್ಬಾಕೆ ಕನ್ನಡಿ ನೋಡಲು ಹೋಗಿ ತನ್ನ ಬೈತಲೆ ಮಾತ್ರ ನೋಡಿಕೊಂಡು ಬಂದಳು. ಅತ್ತೆ ಸೊಸೆ ಇಬ್ಬರು ಬಂದರು. ಅಷ್ಟು ದಿನ ಮನೆಯಲ್ಲಿ ಯಾವುದಕ್ಕೂ ಒಪ್ಪದಿದ್ದವರು ಈ ಕಟ್ಟೆ ಬೇಡವೆನ್ನುವುದರಲ್ಲಿ ಒಂದಾಗಿ, ನಗುತ್ತ ಕೈ ಹಿಡಿದುಕೊಂಡು ಹೋದರು.

"ನಿಧಾನಕ್ಕೆ ಅಭ್ಯಾಸ ಆಗುತ್ತೆ" ಎಂದು ಉದ್ದಣ್ಣ ಪ್ರತಿಯೊಬ್ಬರಿಗೂ ಹೇಳಿದ.

"ಏಣಿ ಹತ್ತೋ ಅಭ್ಯಾಸನಾ?" ಎಂದರು ಒಬ್ಬರು.

ದಲ್ಲಾಳಿ ತಲೆ ಚಚ್ಚಿಕೊಂಡ. "ಅಕ್ಕಾ, ಕಟ್ಟೆ ಇಳಿಸಿ. ಎರಡು ದಿನದ ಕೆಲಸ."

"ಕಟ್ಟೆ ಅಲ್ಲ ಕಾರಣ. ಹಾಲ್‌ನ ಬಣ್ಣ ಸ್ವಲ್ಪ ಮಂಕಾಗಿದೆ" ಎಂದಳು ಇಂಚಕ್ಕ. ಹಾಲ್‌ಗೆ ಹೊಸ ಬಣ್ಣ ಬಳಿಸಿದಳು. ಮುಂದಿನ ವಾರ ನಲ್ಲಿ ಬದಲಾಯಿಸಿದಳು. ಅದರ ಮುಂದಿನ ವಾರ ಗೇಟಿಗೆ ಎಣ್ಣೆ ಹಾಕಿಸಿದಳು. ಕಟ್ಟೆಯೊಂದನ್ನು ಬಿಟ್ಟು ಮನೆಯಲ್ಲಿ ಎಲ್ಲವೂ ಎರಡೆರಡು ಸಲ ರಿಪೇರಿಯಾಯಿತು.

"ನಲ್ಲಿ ಈಗ ಚೆನ್ನಾಗಿದೆ" ಎಂದು ಉದ್ದಣ್ಣ ಹೇಳುತ್ತಿದ್ದ.

"ಅಲ್ವಾ? ನಲ್ಲೀನೇ ತೊಂದರೆ ಕೊಡ್ತಿದ್ದದ್ದು" ಎನ್ನುತ್ತಿದ್ದಳು ಅವಳು.

ಇಬ್ಬರಿಗೂ ಗೊತ್ತಿತ್ತು. ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಾಗದಿರಲಿ ಎಂದು ಇಬ್ಬರೂ ಪಾಡು ಪಡುತ್ತಿದ್ದರು.

ಹನ್ನೊಂದು ಕುಟುಂಬಗಳು ಬಂದು ಹೋದವು. ಐದೂವರೆ ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಕನ್ನಡಕದಂಗಡಿಯ ಅಜ್ಜ ಮೆಟ್ಟಿಲಿನ ಹತ್ತಿರ ಬಂದು ನಿಂತರು.

"ಮಗಳೇ, ನನಗೆ ದೂರದ್ದು ಅಷ್ಟಾಗಿ ಕಾಣಲ್ಲ. ಆದ್ರೆ ಹದಿನೈದನೇ ತಾರೀಕು ಚೆನ್ನಾಗಿ ಕಾಣ್ತಾ ಇದೆ. ಮೊಬೈಲಿನವನು ಪೋಸ್ಟರ್ ಪ್ರಿಂಟ್ ಹಾಕಿಸಿದ್ದಾನಂತೆ."

"ಇನ್ನೂ ಹದಿಮೂರು ದಿನ ಇದೆ ಅಜ್ಜ."

"ಅದನ್ನೇ ಹೇಳೋಕೆ ಬಂದೆ" ಎಂದರು ಅವರು, ತಾವೇ ತಪ್ಪು ಮಾಡಿದವರ ಹಾಗೆ.

ಅವರು ಹೋದ ಮೇಲೆ ಅವಳು ಸೂಜಿಗೆ ದಾರ ಪೋಣಿಸಲು ಕೂತಳು. ಬಲ್ಬಿನ ಕೆಳಗೆ ಹಿಡಿದಳು, ಓರೆ ಮಾಡಿ ಹಿಡಿದಳು. ಕಪ್ಪೋ ನೀಲಿಯೋ ತಿಳಿಯಲಿಲ್ಲ. ಅಂಗಡಿ ಮುಚ್ಚಿ ಹಿಂದಿನ ಬೀದಿಯ ಮನೆಗೆ ಹೊರಟಳು.

ಅವಳು ಹೋಗುವಷ್ಟರಲ್ಲಿ ದಲ್ಲಾಳಿ ಹನ್ನೆರಡನೆಯವರನ್ನು ಕರೆತಂದಿದ್ದ. ಗಂಡ ಹೆಂಡತಿ, ಜೊತೆಗೆ ಯಾರೂ ಇಲ್ಲ. ಹೆಂಡತಿ ನರ್ಸ್, ಆಸ್ಪತ್ರೆಯಿಂದ ನೇರವಾಗಿ ಬಿಳಿ ಚಪ್ಪಲಿಯಲ್ಲೇ ಬಂದಿದ್ದಳು. ಐದಡಿಗೆ ಒಂದಿಂಚು ಕಡಿಮೆ ಎಂದು ಇಂಚಕ್ಕನ ಕಣ್ಣು ಬಾಗಿಲಲ್ಲೇ ಅಳೆಯಿತು. ಆಕೆ ಮನೆಯನ್ನು ನೋಡಿದ ರೀತಿ ಇಂಚಕ್ಕನಿಗೆ ಇಷ್ಟವಾಯಿತು; ಸಿಂಕಿನ ಕೆಳಗೆ ಬಗ್ಗಿ ನೋಡಿದಳು, ಗೋಡೆ ತಟ್ಟಿದಳು. ಹಾಲ್ ಒಪ್ಪಿಗೆಯಾಯಿತು, ಹಿತ್ತಲು ಒಪ್ಪಿಗೆಯಾಯಿತು. ಕೊನೆಗೆ ಉದ್ದಣ್ಣ ಅನ್ನಕ್ಕೆ ನೀರಿಟ್ಟಿದ್ದ ಕಟ್ಟೆಯ ಪಕ್ಕ ಬಂದು ನಿಂತಳು. ಕಟ್ಟೆ ಅವಳ ಎದೆಗೆ ಬಂತು.

ಅವಳು ನಗಲಿಲ್ಲ. ಕಟ್ಟೆಯ ಅಂಚನ್ನು ಎರಡು ಕೈಯಲ್ಲೂ ಸವರಿದಳು. "ಕೆಲಸ ತುಂಬ ಚೆನ್ನಾಗಿದೆ. ಯಾರಿಗೋ ಅಂತಾನೇ ಮಾಡಿದ್ದು ಇದು" ಎಂದಳು. ಉದ್ದಣ್ಣನ ಮೊಣಕೈ ನೋಡಿದಳು, ಕಟ್ಟೆ ನೋಡಿದಳು. "ಅಣ್ಣಾ, ನಿಮಗೆ ಬೆನ್ನು ನೋವಿದೆ ಅಲ್ವಾ?"

"ಇತ್ತು" ಎಂದ ಉದ್ದಣ್ಣ.

ಅನ್ನದ ನೀರು ಕುದಿಯುತ್ತಿತ್ತು. ದಲ್ಲಾಳಿ ಗೋಡೆಯ ಕಡೆ ತಿರುಗಿ ಇಲ್ಲದ ಬಿರುಕೊಂದನ್ನು ಪರೀಕ್ಷಿಸತೊಡಗಿದ. ಇಂಚಕ್ಕ, "ಹಾಲ್‌ನ ಬಣ್ಣ ಬೇಕಾದ್ರೆ" ಎಂದು ಶುರು ಮಾಡಿದಳು.

ಉದ್ದಣ್ಣ ಒಲೆ ಸಣ್ಣ ಮಾಡಿದ. ಕೈ ಒರೆಸಿಕೊಂಡು ಬಂದು ಅವಳ ಕೊರಳಿನಿಂದ ಟೇಪು ತೆಗೆದು ಅವಳ ಕೈಯಲ್ಲಿಟ್ಟ.

"ಅಳತೆ ತಗೋ" ಎಂದ. "ಗಿರಾಕಿ ನಿಂತಿದ್ದಾರೆ."

ಇಂಚಕ್ಕ ಅವನ ಮುಖ ನೋಡಲಿಲ್ಲ. ನೋಡಿದ್ದರೆ ಟೇಪು ಮತ್ತೆ ಕೊರಳಿಗೆ ಹೋಗುತ್ತಿತ್ತು. ನರ್ಸಿನ ಮುಂದೆ ಮಂಡಿಯೂರಿದಳು.

"ನೆಟ್ಟಗೆ ನಿಂತ್ಕೊಳ್ಳಿ ತಾಯಿ. ಈರುಳ್ಳಿ ಹೆಚ್ಚೋ ಹಾಗೆ ಕೈ ಹಿಡೀರಿ. ಉಸಿರು ಬಿಗಿ ಹಿಡೀಬೇಡಿ, ರವಿಕೆ ಅಲ್ಲ ಇದು." ಟೇಪು ಇಳಿಬಿಟ್ಟಳು. "ಮೂವತ್ತೊಂದು. ಮೂವತ್ತೆರಡು ಇಡಿಸ್ತೀನಿ. ಇರಲಿ ಒಂದಿಂಚು."

"ನಾನಿನ್ನು ಬೆಳೆಯಲ್ಲ ಅಕ್ಕಾ."

"ಚಪ್ಪಲಿ ಹಾಕ್ಕೊಂಡೇ ನಿಲ್ಲೋರು ನೀವು. ಅದಕ್ಕೆ."

ಕನ್ನಡಿಗೆ, ಗೂಡಿಗೆ, ಗೂಟಕ್ಕೆ ಒಂದೊಂದಾಗಿ ಅಳತೆ ತೆಗೆದಳು. ನರ್ಸಿನ ಗಂಡನನ್ನೂ ಬಿಡಲಿಲ್ಲ. ಅಂಗಿಗಳ ಅಳತೆ ಬರೆಯುವ ಪುಸ್ತಕದಲ್ಲಿ ಒಂದು ಹೊಸ ಹಾಳೆ ತಿರುವಿ ಎಲ್ಲವನ್ನೂ ಬರೆದು, ಅಭ್ಯಾಸಬಲದಿಂದ ಚೀಟಿ ಹರಿದು ಕೊಟ್ಟಳು. "ಬುಧವಾರ ಟ್ರಯಲ್‌ಗೆ ಬನ್ನಿ."

"ಮನೆಗೆ ಟ್ರಯಲ್ಲಾ?" ಎಂದ ನರ್ಸಿನ ಗಂಡ.

"ಸುಮ್ನೆ ಚೀಟಿ ಇಟ್ಕೊಳ್ರೀ" ಎಂದಳು ನರ್ಸ್.

ಮೇಸ್ತ್ರಿ ಬಂದ. ಚಪ್ಪಡಿಯನ್ನು ನಾಲ್ಕು ಜನ ಹಿಡಿದೆತ್ತಿ ಕೆಳಗಿಟ್ಟು, ಇಟ್ಟಿಗೆಯ ಮೂರು ವರಸೆ ಬಿಡಿಸಿದರು. ಒಟ್ಟು ಒಂಬತ್ತು ಇಂಚು. ಉದ್ದಣ್ಣ ಬೇರೆ ಕೆಲಸದ ನೆಪ ಹೇಳಿ ಹೊರಗೆ ಹೋಗಲಿಲ್ಲ. ಅವನೇ ಇಟ್ಟಿಗೆಗಳನ್ನು ಹಿತ್ತಲಿಗೆ ಸಾಗಿಸಿ, ಗಾರೆ ಕೆರೆದು, ಸಾಲಾಗಿ ಜೋಡಿಸಿದ.

"ಯಜಮಾನ್ರೇ, ಇದನ್ನ ಚೆನ್ನಾಗೇ ಕಟ್ಟಿದ್ದೆ ನಾನು" ಎಂದ ಮೇಸ್ತ್ರಿ.

"ಗೊತ್ತು ಮಾರಾಯ. ನಿಂತು ನೋಡಿದ್ದೀನಲ್ಲ."

ಬುಧವಾರ ನರ್ಸ್ ಬಂದಳು. ಇಂಚಕ್ಕ ಅವಳ ಕೈಗೆ ಚಾಕು ಕೊಟ್ಟು ಒಂದು ಈರುಳ್ಳಿ ಹೆಚ್ಚಿಸಿದಳು. ಸುತ್ತ ಒಂದು ಸುತ್ತು ಬಂದು, ಭುಜ ನೋಡಿ, ಸೊಂಟ ನೋಡಿ, "ಎಲ್ಲಾದ್ರೂ ಹಿಡೀತಿದೆಯಾ?" ಎಂದು ಕೇಳಿದಳು.

"ಎಲ್ಲೂ ಹಿಡೀತಿಲ್ಲ" ಎಂದಳು ನರ್ಸ್. ಈರುಳ್ಳಿಗೋ ಏನೋ ಕಣ್ಣಲ್ಲಿ ನೀರಿತ್ತು. "ನನ್ನ ಅಳತೆ ತಗೊಂಡು ಇದುವರೆಗೆ ಯಾರೂ ಏನೂ ಮಾಡಿರಲಿಲ್ಲ ಅಕ್ಕಾ. ಆಸ್ಪತ್ರೆ ಕೋಟು ಕೂಡ ಬೇರೆಯವರದ್ದೇ."

ಹನ್ನೆರಡನೇ ತಾರೀಕಿಗೆ ಮಾತು ಮುಗಿದು, ಹದಿನಾಲ್ಕಕ್ಕೆ ಕಾಗದಗಳಾದವು. ಬೀಗದ ಕೈ ಕೊಡುವಾಗ ಇಂಚಕ್ಕ ಸಂಕೋಚದಿಂದ ನಿಂತಳು. ಗಿರಾಕಿಯ ಬಟ್ಟೆಯಲ್ಲಿ ಉಳಿದ ಚೂರನ್ನು ಸುತ್ತಿ ಗಿರಾಕಿಗೇ ಕೊಡುವುದು ಅವಳ ಅಂಗಡಿಯ ನಿಯಮ. ಅಂಗೈಯಗಲದ ತುಂಡನ್ನೂ ಅವಳು ಇಟ್ಟುಕೊಂಡವಳಲ್ಲ.

"ತಾಯಿ, ಹಿತ್ತಲಲ್ಲಿ ಉಳಿದ ಇಟ್ಟಿಗೆ ಇದೆ. ನ್ಯಾಯವಾಗಿ ಅದು ನಿಮ್ಮದು."

"ಅದರ ಅಳತೆ ನನ್ನದಲ್ಲವಲ್ಲ" ಎಂದಳು ನರ್ಸ್. "ಅಣ್ಣನದು. ತಗೊಂಡು ಹೋಗಿ."

ದಲ್ಲಾಳಿ ತನ್ನ ಸ್ಕೂಟರಿನಲ್ಲಿ ನಾಲ್ಕು ಸಲ ಹೋಗಿ ಬಂದು ಇಟ್ಟಿಗೆಗಳನ್ನು ಬಾಡಿಗೆ ಮನೆಗೆ ತಲುಪಿಸಿದ. ಕೊನೆಯ ಸಲ ಇಳಿಸುವಾಗ ಅವನ ಪ್ಯಾಂಟಿನ ಸೊಂಟ ಮತ್ತೆ ಬಿಟ್ಟಿತು. ಒಳಗೆ ಇನ್ನೂ ಒಂದಿಂಚು ಇದೆ, ಹೆದರಬೇಡ ಎಂದಳು ಇಂಚಕ್ಕ. ಅವನಿಗೆ ಇನ್ನೊಂದು ಹಳೆಯ ಮನೆಯೂ ಸಿಕ್ಕಿತ್ತು. ಅದರ ವಿವರ ಶುರು ಮಾಡುವ ಮುಂಚೆಯೇ ಅವಳು ತಡೆದಳು. "ಮನೆ ಆಮೇಲೆ ತೋರಿಸು. ಅದರಲ್ಲಿ ಮುಂದೆ ಇರೋರನ್ನ ಮೊದಲು ಕರ್ಕೊಂಡು ಬಾ."

ಹದಿನಾರನೇ ತಾರೀಕು ಬೆಳಿಗ್ಗೆ ಅವಳು ತನ್ನದಾದ ಕನ್ನಡಕದಂಗಡಿಯ ಕಿಟಕಿಯ ಮುಂದೆ ಯಂತ್ರ ಇಟ್ಟುಕೊಂಡು ಕೂತು ದಾರದ ಉಂಡೆಗಳನ್ನೆಲ್ಲ ಹರವಿದಳು. ಇಷ್ಟು ವರ್ಷ ಒಂದೇ ಡಬ್ಬಿಯಲ್ಲಿ ಕಪ್ಪೆಂದುಕೊಂಡು ಇಟ್ಟಿದ್ದರಲ್ಲಿ ಏಳು ನೀಲಿ, ಎರಡು ಹಸಿರು, ಒಂದು ನೇರಳೆ. ತಲೆಯ ಮೇಲೆ ಹೆಜ್ಜೆಯ ಸದ್ದಿಲ್ಲದೆ ಸ್ವಲ್ಪ ಒಂಟಿಯೆನಿಸಿತು. ಹೆಡ್‌ಮಾಸ್ತರರಿಗೆ ಹೇಳಿ ಕಳಿಸಿ ಕೋಟು ತರಿಸಿಕೊಂಡು ಆ ನದಿಯನ್ನು ಬಿಚ್ಚಿ, ಕಪ್ಪು ದಾರದಲ್ಲಿ ಮತ್ತೆ ಹೊಲಿದಳು.

ಮಧ್ಯಾಹ್ನ ಮನೆಗೆ ಬಂದಾಗ ಉದ್ದಣ್ಣ ಬಾಡಿಗೆ ಮನೆಯ ಕಟ್ಟೆಯ ಮೇಲೆ ಮೂರು ವರಸೆ ಇಟ್ಟಿಗೆ ಜೋಡಿಸಿ, ಬಾಗಿಲು ಕೊರೆದಾಗ ಉಳಿದಿದ್ದ ಹಲಗೆಯ ತುಂಡುಗಳನ್ನು ಅದರ ಮೇಲೆ ಸೇರಿಸಿ ಹಾಸಿ, ಮೇಲೊಂದು ತಗಡಿಟ್ಟು ಸ್ಟೌ ಕೂರಿಸಿದ್ದ. ನೋಡಲು ಸರ್ಕಸ್ಸಿನ ಹಾಗಿತ್ತು. ಇಂಚಕ್ಕ ಟೇಪು ತೆಗೆದು ಹಲಗೆಯಿಂದ ನೆಲಕ್ಕೆ ಹಿಡಿದಳು.

"ನಲವತ್ತೆರಡು. ಒಂದಿಂಚು ಜಾಸ್ತಿ ಆಗಿದೆ. ಹಲಗೆ ತೆಗೀರಿ."

ಉದ್ದಣ್ಣ ನೆಟ್ಟಗೆ ನಿಂತು ಸೌಟು ಆಡಿಸುತ್ತಿದ್ದ.

"ಇರಲಿ ಬಿಡು" ಎಂದ. "ಬೆಳೀತೀನೋ ಏನೋ."